ಎರಡು ಚುಕ್ಕೆ, ಒಂದು ಗೆರೆ

ನಮ್ಮ ಚಿಕ್ಕಮ್ಮನ ಮುಖ ನೋಡಿ ಅವಳ ಮನಸ್ಸಿನಲ್ಲಿರುವುದನ್ನು ತಿಳಿದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಅಜ್ಜಿ ತೀರಿಕೊಂಡ ದಿನ ಮನೆ ತುಂಬ ಜನ ಬಾಯಿ ಬಡಿದುಕೊಂಡು ಅಳುತ್ತಿದ್ದಾಗ ಇವಳು, ಹೆತ್ತ ಮಗಳು, ಬಸ್ಸಿಗೆ ಕಾಯುವವರ ಹಾಗೆ ಗೋಡೆಗೆ ಒರಗಿ ನಿಂತಿದ್ದಳು. "ಅವಳದ್ದು ಕಲ್ಲು ಮನಸ್ಸು ಕಣೋ" ಎಂದು ನಮ್ಮಮ್ಮ ಅಂದು ಶುರು ಮಾಡಿದ ಮಾತನ್ನು ತನ್ನ ಕೊನೆಯವರೆಗೂ ಬಿಡಲಿಲ್ಲ. ನನ್ನ ಮದುವೆಯಲ್ಲಿ ಫೋಟೋದವನು "ಸ್ವಲ್ಪ ನಗಿ ಮೇಡಂ, ಕ್ಯಾಮೆರಾ ಕಚ್ಚಲ್ಲ" ಎಂದು ಗೋಗರೆದು ಸೋತುಹೋದ. ಆಲ್ಬಮ್ಮಿನ ಅಷ್ಟೂ ಪುಟಗಳಲ್ಲಿ ಚಿಕ್ಕಮ್ಮನ ಮುಖ ಒಂದೇ ತೆರನಾಗಿದ್ದು, ಯಾರೋ ಅದೊಂದನ್ನೇ ಕತ್ತರಿಸಿ ಎಲ್ಲ ಕಡೆ ಅಂಟಿಸಿದಂತಿದೆ.

ಹುಟ್ಟಾ ಹಾಗಿದ್ದವಳಲ್ಲವಂತೆ. ಹುಡುಗಿಯಾಗಿದ್ದಾಗ ಬೀದಿಯ ಹೆಂಗಸರನ್ನೆಲ್ಲ ಅಣಕಿಸಿ ತೋರಿಸಿ ಅಕ್ಕನ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳಂತೆ. ಆ ಮುಖವನ್ನು ತಿಂದದ್ದು ಅವಳ ಕೆಲಸ. ಮನೆಯೊಳಗೆ ಏಟು ತಿಂದ ಮಕ್ಕಳು, ನೋಡಬಾರದ್ದನ್ನು ನೋಡಿದ ಮಕ್ಕಳು, ಇವರನ್ನು ಪೊಲೀಸರು ಮೊದಲು ಕರೆತರುತ್ತಿದ್ದುದು ಅವಳ ಕೋಣೆಗೆ. ಗಿಡ್ಡ ಮೇಜು, ಸವೆದ ಜಮಖಾನ, ಮೂಲೆಯಲ್ಲಿ ಕ್ಯಾಮೆರಾ, ಒಂದು ಗೋಡೆಗೆ ಅತ್ತ ಕಡೆಯಿಂದ ಮಾತ್ರ ಕಾಣುವ ಗಾಜು. ಅಲ್ಲಿ ಮಗು ತನ್ನಷ್ಟಕ್ಕೆ ತಾನು ಹೇಳಿದ್ದು ಮಾತ್ರ ನ್ಯಾಯಾಲಯದಲ್ಲಿ ನಿಲ್ಲುತ್ತದೆ. ಕೇಳುವವಳು ಹುಬ್ಬೇರಿಸಿದರೂ, ಅಯ್ಯೋ ಎಂದರೂ, ಮಗು ಆ ಮುಖಕ್ಕೆ ತಕ್ಕಂತೆ ಕಥೆ ತಿದ್ದಿಬಿಡುತ್ತದೆ. ಮಕ್ಕಳಿಗೆ ದೊಡ್ಡವರನ್ನು ಮೆಚ್ಚಿಸುವ ಚಪಲ ಅಷ್ಟಿಷ್ಟಲ್ಲ, ಏಟು ತಿಂದ ಮಕ್ಕಳಿಗಂತೂ ಅದು ಚಪಲವಲ್ಲ, ಜೀವ ಉಳಿಸಿಕೊಳ್ಳುವ ದಾರಿ. ಆದ್ದರಿಂದ ಚಿಕ್ಕಮ್ಮ ಒಂದೊಂದಾಗಿ ತನ್ನ ಮುಖದ ಸ್ನಾಯುಗಳನ್ನೆಲ್ಲ ಸುಮ್ಮನಾಗಿಸಿದಳು. ಅವು ಮನೆಗೆ ಬಂದಮೇಲೂ ಏಳಲಿಲ್ಲ.

ನಡಿಗೆಯೂ ಹಾಗೆಯೇ ಆಯಿತು. ಹಿಮ್ಮಡಿ ಸದ್ದಾದರೆ ಬೆಚ್ಚುವ ಮಕ್ಕಳ ನಡುವೆ ಓಡಾಡಿ ಓಡಾಡಿ, ಪಾದವನ್ನು ನೆಲಕ್ಕೆ ಇಡುವ ಮೊದಲು ಅನುಮತಿ ಕೇಳುವವಳಂತೆ ನಡೆಯುತ್ತಿದ್ದಳು; ಹಿಂದಿನಿಂದ ಬಂದು ನಿಂತರೆ ನನ್ನ ಹೆಂಡತಿ ಎಷ್ಟೋ ಸಲ ಕೈಯಲ್ಲಿದ್ದ ಪಾತ್ರೆ ಬೀಳಿಸಿದ್ದಾಳೆ. ಚಳಿಗೂ ಸೆಖೆಗೂ ಅದೇ ಬೂದು ಕೋಟು, ಏಕೆಂದರೆ ಬಣ್ಣದ ಬಟ್ಟೆ ಯಾವ ಮಗುವಿಗೆ ಯಾರನ್ನು ನೆನಪಿಸುತ್ತದೋ ಬಲ್ಲವರಾರು. ಮಾತಿನಲ್ಲಿ ಉಳಿದದ್ದು ಒಂದೇ ಪ್ರಶ್ನೆ: "ಆಮೇಲೆ?" ಯಾಕೆ ಎಂದು ಕೇಳಳು, ಯಾರು ಎಂದು ಕೇಳಳು. ನಮ್ಮ ಮನೆಯ ಅಡ್ಡಕಸುಬಿ ಕೊಳಾಯಿ ರಿಪೇರಿಯವನು ಒಮ್ಮೆ ಪೈಪು ಒಡೆದದ್ದು ಹೇಗೆಂದು ಸುಳ್ಳು ಹೆಣೆಯುತ್ತಿದ್ದಾಗ ಇವಳು ಎದುರು ಕೂತು "ಆಮೇಲೆ?" "ಆಮೇಲೆ?" ಎನ್ನುತ್ತ ಹೋದಳು, ಮೂರನೆಯದಕ್ಕೇ ಆ ಪುಣ್ಯಾತ್ಮ ತಾನೇ ಸುತ್ತಿಗೆ ಬೀಳಿಸಿದ್ದನ್ನು ಒಪ್ಪಿಕೊಂಡು, ಕುಡಿಯುತ್ತಿದ್ದ ಚಹಾ ಬಿಟ್ಟು ಎದ್ದುಹೋದ.

ಅವಳ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅದರಲ್ಲಿದ್ದ ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳು ನನ್ನವು. ನಾನು ಹೈಸ್ಕೂಲು ಮೆಟ್ಟಿಲು ಹತ್ತಿದ ವರ್ಷ "ಇನ್ನು ನಿಂಗ್ಯಾಕೋ ಇವು, ನಂಗೆ ಕೊಡು" ಎಂದು ಇಸಿದುಕೊಂಡು ಹೋಗಿದ್ದಳು. ಆ ಕಾಲದ ಗೊಂಬೆಗಳನ್ನು ಕಂಡವರಿಗೆ ಗೊತ್ತು: ಹಳದಿ ತಲೆ, ಕೊಕ್ಕೆಯಂಥ ಕೈ, ಸೊಂಟದಲ್ಲಿ ಮಡಚುವ ಕಾಲು, ಟೋಪಿಯ ಹಾಗೆ ಕಿತ್ತಿಡಬಹುದಾದ ಕೂದಲು. ಮುಖವೆಂದರೆ ಎರಡು ಕಪ್ಪು ಚುಕ್ಕೆ, ಕೆಳಗೆ ಸ್ವಲ್ಪ ಬಾಗಿದ ಒಂದು ಗೆರೆ. ರಾಜನಿಗೂ ಅದೇ ಮುಖ, ಕಳ್ಳನಿಗೂ ಅದೇ. ಟೋಪಿ ಬದಲಿಸಿದರೆ ಪೊಲೀಸು, ಕೂದಲು ಬದಲಿಸಿದರೆ ಅಮ್ಮ. ನಾನು ಅವನ್ನು ಕೊಂದಿದ್ದೇನೆ, ಮದುವೆ ಮಾಡಿಸಿದ್ದೇನೆ, ಬಚ್ಚಲಲ್ಲಿ ಮುಳುಗಿಸಿದ್ದೇನೆ. ಆ ಗೆರೆ ಕೊಂಕಲಿಲ್ಲ. ಅಳುವನ್ನೂ ಕೋಪವನ್ನೂ ನಾವೇ ಹಾಕಿಕೊಳ್ಳಬೇಕಿತ್ತು, ಹಾಕಿಕೊಳ್ಳುತ್ತಿದ್ದೆವು. ಚಿಕ್ಕಮ್ಮನಿಗೆ ಬೇಕಾಗಿದ್ದುದು ಇದೇ. ಏನನ್ನೂ ಹೇಳದ ಮುಖದ ಮೇಲೆ ಮಗು ತಾನು ಕಂಡದ್ದನ್ನೇ ಬರೆಯುತ್ತದೆ, ಬೇರೆ ಬರೆಯಲು ಅದರ ಬಳಿ ಏನೂ ಇರುವುದಿಲ್ಲ.

ಈಗ ನನ್ನ ಮಗಳ ಬುಟ್ಟಿಯಲ್ಲಿರುವ ಗೊಂಬೆಗಳೇ ಬೇರೆ. ಒಂದಕ್ಕೆ ಸಿಟ್ಟಿನ ಹುಬ್ಬು, ಒಂದಕ್ಕೆ ಕೆನ್ನೆಯ ಮೇಲೆ ಗಾಯದ ಗುರುತು, ಇನ್ನೊಂದರ ಹಣೆಯಲ್ಲಿ ಬೆವರಿನ ಹನಿ. ಷರ್ಟಿನ ಮಡಿಕೆ, ಪ್ಯಾಂಟಿನ ಜೇಬು, ಗಲ್ಲದ ಕುರುಚಲು, ತುಟಿಯ ಬಣ್ಣ, ಎಲ್ಲವೂ ಅಚ್ಚಾಗಿಯೇ ಬರುತ್ತವೆ. ಕೆಲವಕ್ಕಂತೂ ತಲೆಯ ಎರಡೂ ಕಡೆ ಮುಖ: ಮುಂದೆ ಧೈರ್ಯ, ಕೂದಲು ಕಿತ್ತು ತಿರುಗಿಸಿದರೆ ಹಿಂದೆ ಭಯ. ನನಗೆ ನೋಡಿ ಖುಷಿಯಾಗಿತ್ತು, ನಮಗೆ ಇಂಥವು ಸಿಗಲಿಲ್ಲವಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು. ಚಿಕ್ಕಮ್ಮ ಒಂದನ್ನು ಎತ್ತಿ, ತಲೆ ತಿರುಗಿಸಿ ನೋಡಿ, ಕೆಳಗಿಟ್ಟಳು. "ಇದು ಮಗು ಬಾಯಿ ಬಿಡೋಕೆ ಮುಂಚೆ ತಾನೇ ಹೇಳಿಬಿಡುತ್ತಲ್ಲೋ" ಎಂದಳು. ವಯಸ್ಸಾದವರ ಗೊಣಗಾಟ ಎಂದು ನಾನು ನಕ್ಕೆ.

ಅವಳ ಮಂಡಿ ಕೈಕೊಟ್ಟದ್ದು ಆ ವರ್ಷ. ಜೀವಮಾನವೆಲ್ಲ ಮಕ್ಕಳ ಎತ್ತರಕ್ಕೆ ನೆಲದ ಮೇಲೆ ಕೂತವಳ ಮಂಡಿ ಇನ್ನೇನಾದೀತು. ಶಸ್ತ್ರಚಿಕಿತ್ಸೆಯಾಗಿ ಅವಳು ಹಾಸಿಗೆ ಹಿಡಿದಿದ್ದಾಗ ಕಚೇರಿಯವರು ಕೋಣೆಗೆ ಸುಣ್ಣಬಣ್ಣ ಹೊಡೆಸಿದರು. ಜಮಖಾನ ಹೋಯಿತು, ಹಲ್ಲಿನ ಗುರುತು ಬಿದ್ದ ಹಳೇ ಗೊಂಬೆಗಳು ಆರೋಗ್ಯಕ್ಕೆ ಹಾನಿಕರವೆಂದು ಡಬ್ಬಿಯ ಸಮೇತ ಕಸಕ್ಕೆ ಹೋದವು. ಅವುಗಳ ಜಾಗಕ್ಕೆ ನನ್ನ ಮಗಳ ಬಳಿ ಇದ್ದಂಥ ಗೊಂಬೆಗಳ ಮಿರಮಿರ ಮಿಂಚುವ ಹೊಸ ಪೆಟ್ಟಿಗೆ ಬಂತು. ಯಾರದೂ ಕೆಟ್ಟ ಬುದ್ಧಿಯಲ್ಲ. ಪಾಪ, ಮಕ್ಕಳಿಗೆ ಚೆಂದದ್ದು ಸಿಗಲಿ ಎಂದೇ ತರಿಸಿದ್ದರು.

ಅದೇ ಹೊತ್ತಿಗೆ ಒಂದು ಮನೆಯಲ್ಲಿ ತೊಟ್ಟಿಲ ಕೂಸು ಸತ್ತಿತು. ಬಿದ್ದದ್ದಲ್ಲ, ಯಾರೋ ಎತ್ತಿ ಬಡಿದದ್ದು ಎಂದು ವೈದ್ಯರು ಹೇಳಿದರು. ತಂದೆ ಊರಲ್ಲಿರಲಿಲ್ಲ. ಮನೆಯಲ್ಲಿದ್ದವರು ತಾಯಿ, ಜೊತೆಗೇ ವಾಸವಿದ್ದ ತಾಯಿಯ ತಮ್ಮ, ಮತ್ತು ಕೂಸಿನ ಅಕ್ಕ, ಇನ್ನೂ ಶಾಲೆಗೆ ಸೇರದ ಹುಡುಗಿ. ನೋಡಿದ್ದವಳು ಅವಳೊಬ್ಬಳೇ. ಚಿಕ್ಕಮ್ಮನ ಬದಲಿಗೆ ಕೂತಿದ್ದ ಕಿರಿಯ ಸಹೋದ್ಯೋಗಿ ಹೊಸ ಗೊಂಬೆಗಳನ್ನು ಹರವಿದಳು. ಹುಡುಗಿ ಗಡ್ಡವಿದ್ದ ಗೊಂಬೆಯೊಂದನ್ನು ಆರಿಸಿ ಆಟಿಕೆಯ ತೊಟ್ಟಿಲ ಪಕ್ಕಕ್ಕೆ ನಿಲ್ಲಿಸಿ, "ಇದು ಎಸೀತು" ಎಂದಳು. ಸೋದರಮಾವನಿಗೆ ಗಡ್ಡವಿತ್ತು. ಅಂದೇ ಸಂಜೆ ಅವನನ್ನು ಎಳೆದುಕೊಂಡು ಹೋದರು. ಅವನು ಮೊದಲಿನಿಂದ ಕೊನೆಯವರೆಗೆ "ನಾನಲ್ಲ" ಎಂದನೇ ಹೊರತು, ಮತ್ತೆ ಯಾರು ಎಂದರೆ ಬಾಯಿಗೆ ಬೀಗ ಹಾಕಿಕೊಂಡು ನೆಲ ನೋಡುತ್ತಿದ್ದ.

ಕೆಲಸಕ್ಕೆ ಮರಳಿದ ಚಿಕ್ಕಮ್ಮ ಊರುಗೋಲನ್ನು ಕುರ್ಚಿಗೆ ಒರಗಿಸಿ ಆ ಚಿತ್ರೀಕರಣ ನೋಡಿದಳು. ಎಲ್ಲರೂ ನೋಡಿದ್ದುದು ಕೊನೆಯ ಭಾಗವನ್ನು. ಇವಳು ಮೊದಲಿನಿಂದ ನೋಡಿದಳು. ಹುಡುಗಿ ಮೊದಲು ಎತ್ತಿದ್ದು ಗಡ್ಡದವನನ್ನಲ್ಲ, ಹೆಂಗಸಿನ ಗೊಂಬೆಯನ್ನು. ಅದನ್ನು ತೊಟ್ಟಿಲ ಬಳಿ ತಂದಳು, ಮುಖ ನೋಡಿದಳು. ಕೂದಲು ಕಿತ್ತು ತಲೆ ತಿರುಗಿಸಿದಳು. ಆ ಪೆಟ್ಟಿಗೆಯ ಹೆಂಗಸರಿಗೆಲ್ಲ ಎರಡು ಕಡೆಯೂ ನಗುವೇ ಇತ್ತು: ಮುಂದೆ ತುಟಿ ಮುಚ್ಚಿದ ನಗು, ಹಿಂದೆ ಹಲ್ಲು ಬಿಟ್ಟ ನಗು. "ಇದಕ್ಕೆ ಕೋಪ ಇಲ್ವಾ?" ಎಂದು ಕೇಳಿದಳು ಹುಡುಗಿ. "ನಿಂಗೆ ಯಾವುದು ಬೇಕೋ ಅದು ತಗೋ ಪುಟ್ಟಾ" ಎಂದಳು ಸಹೋದ್ಯೋಗಿ, ಪ್ರೀತಿಯಿಂದಲೇ. ಹುಡುಗಿ ಪೆಟ್ಟಿಗೆಯನ್ನೆಲ್ಲ ಕೆದಕಿ, ಅದರಲ್ಲಿದ್ದ ಏಕೈಕ ಕೋಪದ ಮುಖವನ್ನು ಹುಡುಕಿ ತೆಗೆದಳು. ಆ ಮುಖಕ್ಕೆ ಗಡ್ಡವೂ ಅಂಟಿಕೊಂಡಿತ್ತು.

ಮರುದಿನ ಚಿಕ್ಕಮ್ಮ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟವಳೇ ನನ್ನ ಮಗಳ ಬುಟ್ಟಿಯನ್ನು ನೆಲಕ್ಕೆ ಸುರಿದು, ನೋಯುವ ಕಾಲನ್ನು ಚಾಚಿ ಕೂತು, ಒಂದೊಂದನ್ನೇ ಎತ್ತಿ ನೋಡತೊಡಗಿದಳು. "ನಿನ್ನವು ಒಂದೂ ಉಳಿದಿಲ್ವೇನೋ?" ಎಂದಾಗ ಅವಳ ದನಿಯಲ್ಲಿ ಇದ್ದುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆ ಮನೆಯ ಕಥೆಯನ್ನು, ಹೇಳಬಾರದ್ದನ್ನು, ಅವಳು ನನಗೆ ಹೇಳಿದ್ದು ಅಲ್ಲಿ, ಆ ಆಟಿಕೆಗಳ ರಾಶಿಯ ನಡುವೆ. ಬುಟ್ಟಿಯ ತಳದಲ್ಲಿ, ಮುರಿದ ಚಕ್ರಗಳ ಜೊತೆ, ನನ್ನ ಕಾಲದ ನಾಲ್ಕೈದು ಸಿಕ್ಕವು. ಬಣ್ಣ ಮಾಸಿತ್ತು, ಗೆರೆ ಮಾಸಿರಲಿಲ್ಲ. "ಜೈಲಲ್ಲಿ ಇರೋನು ಇರಲಿ, ಹೆಂಗೋ ಬರ್ತಾನೆ. ಆ ಹುಡುಗಿ ಅದೇ ಮನೇಲಿ ಮಲಗ್ತಾ ಇದಾಳೆ ಕಣೋ" ಎಂದು ಅವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋದಳು.

ಒಮ್ಮೆ ಹೇಳಿಸಿದ ಮಗುವಿನ ಬಾಯಿಂದ ಮತ್ತೆ ಹೇಳಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಅವಳು ಕಾಲಿಗೆ ಬೀಳುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿ ನ್ಯಾಯಾಧೀಶರಿಂದ ಒಂದು ಅವಕಾಶ ಪಡೆದಳು. ಹುಡುಗಿಯನ್ನು ಕೈಹಿಡಿದು ಕರೆತಂದವಳು ತಾಯಿಯೇ. ಬಾಗಿಲಲ್ಲಿ ಬಗ್ಗಿ, ಮಗಳ ಕಾಲರು ಸರಿಮಾಡಿ, ಹೊರಗೆ ಬೆಂಚಿನ ಮೇಲೆ ಕೂತಳು. ಚಿಕ್ಕಮ್ಮ ಆಟಿಕೆಯ ತೊಟ್ಟಿಲನ್ನಿಟ್ಟು ಹಳೆಯ ಗೊಂಬೆಗಳನ್ನು ಹರವಿದಳು. ಹುಡುಗಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ನೋಡಿದಳು.

"ಗಡ್ಡದವನು ಎಲ್ಲಿ?"

"ಇಲ್ಲಿ ಇರೋರು ಇಷ್ಟೇ."

"ಇವರಲ್ಲ. ಇವರೆಲ್ಲ ಒಂದೇ ಥರ ಇದಾರೆ. ಕೋಪದ್ದು ಬೇಕು."

ಅಷ್ಟರಲ್ಲಾಗಲೇ ಆ ಪುಟ್ಟ ತಲೆಯೊಳಗೆ ಪೊಲೀಸರು, ಬಂಧುಗಳು, ಅಕ್ಕಪಕ್ಕದವರು ಎಲ್ಲ ಸೇರಿ ಗಡ್ಡದವನನ್ನು ಭದ್ರವಾಗಿ ಕೂರಿಸಿಯಾಗಿತ್ತು. ಹುಡುಗಿಗೆ ಈಗ ನೆನಪಿದ್ದುದು ಮನೆಯಲ್ಲ, ಗೊಂಬೆ. ಚಿಕ್ಕಮ್ಮ "ಆಮೇಲೆ?" ಎಂದಳು. ಮತ್ತೆ "ಆಮೇಲೆ?" ಎಂದಳು. ಹುಡುಗಿ ಗೊಂಬೆಗಳನ್ನು ಬಿಟ್ಟು ಎದುರಿಗಿದ್ದ ಬೂದು ಕೋಟಿನ ಮೇಲಿನ ಮುಖವನ್ನು ಬಹಳ ಹೊತ್ತು ನೋಡಿದಳು.

"ನಿಂಗೆ ಕೋಪ ಬರಲ್ವಾ?"

ಇದಕ್ಕೆ ಕೊಡಬೇಕಾದ ಉತ್ತರ ಚಿಕ್ಕಮ್ಮನಿಗೆ ಗೊತ್ತಿತ್ತು. ಎಷ್ಟೋ ಜನರಿಗೆ ಅವಳೇ ಕಲಿಸಿದ್ದಳು: ನನ್ನ ವಿಷಯ ಬೇಡ, ನಿನ್ನ ವಿಷಯ ಹೇಳು, ಅಷ್ಟೇ. ಆದರೆ ಆ ಕ್ಷಣದಲ್ಲಿ ಆ ಮುಖದಲ್ಲಿ ಏನಾಯಿತೋ, ಗಾಜಿನ ಆಚೆ ಇದ್ದವರು ಎದ್ದು ನಿಂತರಂತೆ.

"ಬರುತ್ತೆ ಪುಟ್ಟಿ," ಎಂದಳು. "ತುಂಬ ಬರುತ್ತೆ."

"ಅಮ್ಮಂಗೂ ಬರುತ್ತೆ," ಎಂದಳು ಹುಡುಗಿ. "ಪಾಪು ಅತ್ರೆ ಬರುತ್ತೆ." ಹಾಗೆಂದು, ಹೆಂಗಸಿನ ಕೂದಲಿದ್ದ ಗೊಂಬೆಯನ್ನು ತೆಗೆದು ತೊಟ್ಟಿಲ ಬಳಿ ನಿಲ್ಲಿಸಿದಳು.

ಸತ್ಯ ಹೊರಗೆ ಬಂದಿತ್ತು, ಮತ್ತು ಬಂದ ದಾರಿಯಿಂದಾಗಿಯೇ ಅದು ಕೆಲಸಕ್ಕೆ ಬಾರದೆ ಹೋಯಿತು. ಕೇಳುವವಳು ತನ್ನ ಕೋಪವನ್ನು ತೋರಿಸಿ ಮಗುವಿನ ಬಾಯಿಗೆ ಮಾತು ತುರುಕಿದ್ದಾಳೆ ಎಂದರು ಸರ್ಕಾರಿ ವಕೀಲರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಇನ್ನೊಬ್ಬರು ಹೀಗೆ ಮಾಡಿದ್ದರೆ ಚಿಕ್ಕಮ್ಮನೇ ಅದನ್ನು ತಳ್ಳಿಹಾಕುತ್ತಿದ್ದಳು. ಒಂದನ್ನೊಂದು ಅಲ್ಲಗಳೆದು ಮೊದಲ ಹೇಳಿಕೆಯೂ ನಿಲ್ಲಲಿಲ್ಲ, ಎರಡನೆಯದೂ ನಿಲ್ಲಲಿಲ್ಲ. ಸೋದರಮಾವ ಅನುಮಾನದ ಲಾಭದಲ್ಲಿ ಹೊರಬಂದು, ಬೀದಿಯವರ ಕಣ್ಣು ತಪ್ಪಿಸಿ, ಗಡ್ಡ ಬೋಳಿಸಿಕೊಂಡು ಎಲ್ಲಿಗೋ ಹೊರಟುಹೋದ. ತಾಯಿಯ ಮೇಲೆ ಹೊರಿಸಲು ಯಾರ ಬಳಿಯೂ ಏನೂ ಇರಲಿಲ್ಲ. ಹುಡುಗಿ ಅಮ್ಮನ ಕೈಹಿಡಿದುಕೊಂಡು ಮನೆಗೆ ಹೋದಳು.

ಚಿಕ್ಕಮ್ಮ ಈಗ ನಿವೃತ್ತೆ. ಶಾಲೆ ಬಿಡುವ ಹೊತ್ತಿಗೆ ದಿನವೂ, ಜ್ವರವಿರಲಿ ಜಡಿಮಳೆಯಿರಲಿ, ಅದೇ ಬೂದು ಕೋಟು ತೊಟ್ಟು, ಕುಂಟುತ್ತ ಹೋಗಿ ಆ ಹುಡುಗಿ ಈಗ ಸೇರಿರುವ ಶಾಲೆಯ ಎದುರಿನ ಔಷಧದ ಅಂಗಡಿಯ ಮೆಟ್ಟಿಲಲ್ಲಿ ನಿಲ್ಲುತ್ತಾಳೆ. ಅಂಗಡಿಯವನು ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡು ಒಂದು ಸ್ಟೂಲು ಹಾಕಿಕೊಟ್ಟಿದ್ದಾನೆ. ಒಂದು ದಿನ ನಾನೂ ಜೊತೆಗೆ ಹೋದೆ. ಮಕ್ಕಳು ಹೋ ಎಂದು ಹೊರಬಿದ್ದವು; ಹಿಂದೆ, ಗೋಡೆಯ ಬದಿ ಹಿಡಿದು, ಸದ್ದಾಗದಂತೆ ಹೆಜ್ಜೆಯಿಡುತ್ತ ಒಬ್ಬಳು ಬಂದಳು. ಆ ನಡಿಗೆಯನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೆ. ಚಿಕ್ಕಮ್ಮ ಅವಳ ಕೈ, ಕಾಲು, ಕತ್ತು ಎಲ್ಲವನ್ನೂ ಕಣ್ಣಲ್ಲೇ ತಡವಿ ನೋಡಿದಳು. ಹುಡುಗಿಗೆ ಗುರುತು ಸಿಕ್ಕಿರಬೇಕು, ನಿಂತಳು, ನಕ್ಕಳು. ಎರಡು ಚುಕ್ಕೆ, ಒಂದು ಗೆರೆ. ಆ ನಗುವಿನೊಳಗೆ ಸುಖವಿದೆಯೋ ಭಯವಿದೆಯೋ ದೇವರಾಣೆಗೂ ನನಗೆ ತಿಳಿಯಲಿಲ್ಲ.

"ಚೆನ್ನಾಗಿದಾಳೆ ಅಲ್ವಾ?" ಎಂದೆ, ಏನಾದರೂ ಅನ್ನಬೇಕಲ್ಲ ಎಂದು.

"ಗೊತ್ತಾಗಲ್ಲ ಕಣೋ," ಎಂದಳು ಚಿಕ್ಕಮ್ಮ. "ಕಲಿತುಬಿಟ್ಟಿದಾಳೆ."

ಲೋಕದಲ್ಲಿ ಇಂಥ ಕೆಲವರಿರುತ್ತಾರೆ: ಇನ್ನೊಬ್ಬರ ಸಂಕಟಕ್ಕೆ ಜಾಗ ಬೇಕೆಂದು ತಮ್ಮ ಮುಖವನ್ನೇ ತೆರವು ಮಾಡಿಕೊಟ್ಟವರು. ನಾವು ಅವರನ್ನು ಕಲ್ಲು ಎನ್ನುತ್ತೇವೆ, ಮದುವೆಯ ಫೋಟೋಗಳಲ್ಲಿ ಹಿಂದಿನ ಸಾಲಿಗೆ ನಿಲ್ಲಿಸುತ್ತೇವೆ, ಅವರು ಅಳಲಿಲ್ಲವೆಂದು ವರ್ಷಗಟ್ಟಲೆ ಆಡಿಕೊಳ್ಳುತ್ತೇವೆ. ಎಂದೋ ಒಮ್ಮೆ, ಒಂದು ಮಗು ಕೇಳಿತೆಂದು, ಅವರು ಮನುಷ್ಯರಂತೆ ಉತ್ತರ ಕೊಟ್ಟರೆ ಅದು ಸಾಕ್ಷಿಗೆ ಬರುವುದಿಲ್ಲ. ಕೊಡದೆ ಉಳಿದರೆ ಅವರು ಮನುಷ್ಯರ ಲೆಕ್ಕಕ್ಕೇ ಬರುವುದಿಲ್ಲ.