ಗೋಡೆ ಮೇಲಿನ ನಗು

ಹುಡುಗನಿಗೆ ಕತ್ತರಿ ಎಂದು ಹೆಸರಿಟ್ಟವರು ಅವನ ಗೆಳೆಯರು. ತಾಯಿ ದರ್ಜಿ ಎಂಬುದು ಅರ್ಧ ಕಾರಣ. ಇನ್ನರ್ಧ ಅವನ ನಾಲಿಗೆ. ಹದಿನೇಳು ತುಂಬಿದ್ದರೂ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬಾರದ ಆಸಾಮಿ. ಕಾಲೇಜು ಮುಗಿಸಿ ಬಂದವನು ತಾಯಿಯ ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು, ರಿಪೇರಿಗೆ ಬಂದ ಬಟ್ಟೆಗಳ ಹಳೇ ಹೊಲಿಗೆ ಬಿಚ್ಚಿಕೊಡುತ್ತಿದ್ದ.

ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾರು ದಪ್ಪಗಾದರು, ಯಾರು ಸೊರಗಿದರು, ಯಾರ ಭುಜ ಒಂದು ಕಡೆ ಇಳಿದಿದೆ ಎಂಬುದೆಲ್ಲ ದರ್ಜಿಗೆ ತಿಳಿಯದೆ ಇರದು. ತಿಳಿದದ್ದು ಹೊಸ್ತಿಲು ಮಾತ್ರ ದಾಟಬಾರದು. ಇಸ್ತ್ರಿಯವನ ಮಗಳ ಕಾಲೇಜು ಸ್ಕರ್ಟು ಸೊಂಟ ಸಡಿಲಿಸಲು ಎರಡನೇ ಸಲ ಬಂತು. ಒಳಗೆ ಮಡಿಚಿ ಬಿಟ್ಟಿರುವ ಬಟ್ಟೆಯನ್ನೆಲ್ಲ ಬಿಚ್ಚಿಬಿಡಿ ಎಂದು ಹೇಳಿಹೋದವಳ ಕೈ, ಮುಖ ನೋಡಿದರೆ ಮೊದಲಿಗಿಂತ ಬಡಕಲಾಗಿದ್ದವು. ಹೊಲಿಗೆ ಬಿಚ್ಚುತ್ತಿದ್ದ ಕತ್ತರಿಗೆ ಅವಳು ಬಸುರಿ ಎಂದು ಹೊಳೆಯಿತು. ತಾಯಿ ಅವನ ಮುಖ ನೋಡಿ, ನೋಡಿದ್ದು ಇಲ್ಲೇ ಇರಲಿ ಎಂದಳು. ಹೂಂ ಎಂದ, ಪುಣ್ಯಾತ್ಮ.

ಆ ಹೂಂ ಮೈದಾನದವರೆಗೂ ಬಾಳಲಿಲ್ಲ. ಗೋಡೆಯ ಮೇಲೆ ಕೂತಿದ್ದ ಗೆಳೆಯರ ಮುಂದೆ ಎಲ್ಲವನ್ನೂ ಉದುರಿಸಿ, ತಾನೇ ಮೊದಲು ಕಿಸಕ್ಕನೆ ನಕ್ಕ. ಮಿಕ್ಕವರಿಗೆ ಅಷ್ಟೇ ಸಾಕಾಯಿತು. ಹುಷಾರಾಗಿರಬೇಕಾದವಳು ಹುಡುಗಿಯೇ ತಾನೆ ಎಂದ ಒಬ್ಬ. ಯಾರೋ ಭಾರೀ ಕಿಲಾಡಿ ಕಣ್ರೋ ಎಂದು ಇನ್ನೊಬ್ಬ ಚಪ್ಪಾಳೆ ತಟ್ಟಿದ. ಕತ್ತರಿ ತೀರ್ಪು ಕೊಟ್ಟ: ಹುಡುಗನಿಗೆ ತಲೆಯಿದ್ದರೆ ನನ್ನದಲ್ಲ ಎಂದು ಕೈತೊಳೆದುಕೊಳ್ಳಬೇಕು, ಯಾರು ಬಂದು ಕೇಳುತ್ತಾರೆ? ಹೊಟ್ಟೆ ಹೊರುವ ಪಾಳಿ ಜನ್ಮದಲ್ಲಿ ಬಾರದವರಿಗೆ ಇಂಥ ತೀರ್ಪು ಕೊಡಲು ಖರ್ಚೇನಿದೆ? ಬೂಟಿನ ಲೇಸು ಕಟ್ಟುತ್ತಿದ್ದ ಗೋಲ್‌ಕೀಪರ್ ಲಂಬು ಮಾತ್ರ ನಗಲಿಲ್ಲ. ಲೇಸು ಪೂರ್ತಿ ಕಟ್ಟದೆ ಎದ್ದು ಹೋದ. ಕತ್ತರಿಗೆ ಅವನು ಜೀವದ ಗೆಳೆಯ.

ಮರುದಿನ ಲಂಬು ಅಂಗಡಿಗೆ ಬಂದ. ಬಾಗಿಲಿಗೆ ತಲೆ ತಗಲದಂತೆ ಬಗ್ಗಿ ಒಳಬಂದವನು ಮತ್ತೆ ನೆಟ್ಟಗಾಗಲಿಲ್ಲ. ಆ ಹುಡುಗ ತಾನೇ ಎಂದು ದರ್ಜಿಯಮ್ಮನ ಎದುರಿಗೇ ಒಪ್ಪಿಕೊಂಡ. ಯಂತ್ರ ನಿಂತಿತು.

"ಅವಳಿಗೆ ಏನಂದೆಯಪ್ಪಾ?" ಎಂದು ಕೇಳಿದಳು ತಾಯಿ.

ಲಂಬು ಕತ್ತರಿಯ ಕಡೆ ತಿರುಗಿ ಉತ್ತರ ಕೊಟ್ಟ. "ಆಸ್ಪತ್ರೆಗೆ ಜೊತೆಗೆ ಬರ್ತೀನಿ, ಮನೇಲೂ ನಾನೇ ಹೇಳ್ತೀನಿ ಅಂದಿದ್ದೆ ಕಣೋ. ನಿನ್ನೆ ನೀವೆಲ್ಲ ನಕ್ರಲ್ಲ, ಅಲ್ಲಿಂದ ನೆಟ್ಟಗೆ ಹೋಗಿ ನನ್ನದಲ್ಲ ಅಂದ್ಬಿಟ್ಟೆ. ನೀನು ಹೇಳಿದ ಹಾಗೇ."

ಗಾಳಿಗೆ ಬಿಟ್ಟ ಮಾತೊಂದನ್ನು ಯಾರೋ ನಂಬಿ ನಡೆದಿದ್ದಾರೆ ಎಂಬುದು ಕತ್ತರಿಗೆ ಹೊಸ ಅನುಭವ. ತಮಾಷೆಗೆ ಅಂದದ್ದು ಎನ್ನಲು ನಾಚಿಕೆಯಾಯಿತು.

ತಾಯಿ ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಹೇಳಿದ ಸುಳ್ಳನ್ನು ಹೇಳಿದವನೇ ಹೋಗಿ ವಾಪಸು ತೆಗೆದುಕೊಳ್ಳಬೇಕು, ಜೊತೆಗೆ ತಾನು ಬರುತ್ತೇನೆ ಎಂದು ಲಂಬುವಿಗೆ ಹೇಳಿ ಚಪ್ಪಲಿ ಮೆಟ್ಟಿದಳು. ಆಮೇಲೆ ಮಗನಿಗೆ, "ನೀನೂ ನಡಿ."

"ಅಲ್ಲಿ ನನ್ನದೇನಿದೆಯಮ್ಮಾ?"

ಅವಳು ಬಾಗಿಲಲ್ಲಿ ಕಾದಳು. ಅವನು ಹೊರಟ.

ಇಸ್ತ್ರಿಯವನ ಮನೆ ಮುಂದಿನ ತಿರುವಿನಲ್ಲೇ ಇತ್ತು. ಅಷ್ಟರಲ್ಲಿ ನಿನ್ನೆಯ ನಗು ಬೀದಿಯೆಲ್ಲ ಸುತ್ತಾಡಿ ಆ ಮನೆಯನ್ನೂ ಹೊಕ್ಕಿತ್ತು. ಅಪ್ಪ ತಲೆ ತಗ್ಗಿಸಿ ಯಾರದೋ ಅಂಗಿಯ ಒಂದೇ ತೋಳನ್ನು ಮತ್ತೆ ಮತ್ತೆ ಉಜ್ಜುತ್ತಿದ್ದ. ಮಗಳು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದಳು, ಕಣ್ಣು ಊದಿಕೊಂಡಿದ್ದವು.

ಲಂಬು ತೊದಲುತ್ತಲೇ ಹೇಳಿದ, ನಿನ್ನೆ ಹೇಳಿದ್ದು ಸುಳ್ಳು, ಹೆದರಿಕೆಯಾಯಿತು, ನಾನೇ. ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಕುರ್ಚಿಯಲ್ಲಿ ಕುಸಿದ. ದರ್ಜಿಯಮ್ಮ ಹೋಗಿ ಅವನ ಪಕ್ಕದಲ್ಲಿ ಕೂತಳು. ಹುಡುಗಿ ಲಂಬುವಿನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆದರೆ ನೋಡಿದ್ದು ಬಾಗಿಲ ಬಳಿ ನಿಂತಿದ್ದ ಕತ್ತರಿಯನ್ನು.

"ನನ್ನ ಸ್ಕರ್ಟಿನ ವಿಷಯ ಹೇಳಿದಾಗ ಎಲ್ರೂ ನಕ್ರಂತೆ. ನೀನೂ ನಕ್ಕೆಯಾ?"

ಇಲ್ಲ ಎಂದರೆ ಅಲ್ಲಿ ಯಾರೂ ಅವನನ್ನು ಹಿಡಿದು ಕೇಳುತ್ತಿರಲಿಲ್ಲ.

"ಮೊದಲು ನಕ್ಕವನೇ ನಾನು," ಎಂದ.