ಕರ್ಪೂರಕ್ಕೊಂದು ತಟ್ಟೆ

ನೀರು ತಣ್ಣಗಿದೆ, ಎಡಗೈ ಮೇಲಿನ ಲಿಂಗದಿಂದ ಜಾರಿ ಮಣಿಕಟ್ಟು ದಾಟಿ ಮೊಣಕೈಗಿಳಿದು ರವಿಕೆಯ ತೋಳು ಒದ್ದೆ ಮಾಡುತ್ತಿದೆ, ಒರೆಸಿಕೊಳ್ಳೋಣವೆಂದರೆ ಬಲಗೈಯಲ್ಲಿ ಪತ್ರೆ, ಕೂತಿರು ರಾಜಿ, ಅಲ್ಲಾಡಬೇಡ, ಇವತ್ತು ಅಜ್ಜಿಯ ಶಿವಗಣಾರಾಧನೆ, ಸತ್ತ ಹನ್ನೊಂದನೆಯ ದಿನ, ಗಾಂಧಿ ಬಜಾರಿನ ಅರ್ಧ ಜನ ನಮ್ಮ ಪಡಸಾಲೆಯಲ್ಲಿದ್ದಾರೆ, ಈ ಕಡೆ ಹೆಂಗಸರ ಸಾಲು, ಎದುರಿಗೆ ಗಂಡಸರ ಸಾಲು, ಎಲ್ಲರ ಎಡಗೈ ಮುಂದೆ ಚಾಚಿದೆ, ಎಲ್ಲರ ಅಂಗೈಯಲ್ಲೂ ಲಿಂಗ, ಎಲ್ಲರ ಕಣ್ಣೂ ಅರೆಮುಚ್ಚಿವೆ, ನನ್ನವು ಮಾತ್ರ ಬಿಟ್ಟಿವೆ, ನೆಟ್ಟಗೆ ಎದುರಿಗೆ ಕೂತ ಜಂಬಣ್ಣ ಚಿಕ್ಕಪ್ಪನ ಅಂಗೈ ಮೇಲೆ ಬಿದ್ದಿವೆ. ಎಂಥ ಮೆತ್ತನೆಯ ಅಂಗೈ ಅದು, ಬೆಳಗಿಂದ ಸಂಜೆಯವರೆಗೆ ಬಟ್ಟೆ ಅಂಗಡಿಯಲ್ಲಿ ಮಲ್ಲು ಪಂಚೆ ಮಡಚಿ ಬಿಚ್ಚಿ ಮಡಚಿದ್ದು ಬಿಟ್ಟರೆ ಏನೂ ಮಾಡದ ಅಂಗೈ, ಒಂದು ಗುಳ್ಳೆ ಇಲ್ಲ, ಒಂದು ಗೀರಿಲ್ಲ — ನೋಡುತ್ತಿದ್ದಂತೆ ಅದರ ಜಾಗದಲ್ಲಿ ಆ ಇನ್ನೊಂದು ಅಂಗೈ ಬಂದು ಕೂರುತ್ತದೆ, ಎಲ್ಲಮ್ಮನದು, ನಡುಮಧ್ಯೆ ಸುಲಿದ ಕೆಂಪು, ಅಂಚಿಗೆ ಕಪ್ಪು, ಮುಚ್ಚಲಾಗದೆ ಬಿಟ್ಟ ಬೆರಳು. ನಿನ್ನೆ ಭದ್ರಾವತಿಯಲ್ಲಿ ನೋಡಿದ ಮೇಲೆ ನಾನು ಎಲ್ಲಿ ನೋಡಿದರೂ ಅದೇ ಕಾಣುತ್ತಿದೆ.

ಎಲ್ಲಮ್ಮ ನಾನು ಹುಟ್ಟುವ ಮೊದಲಿಂದ ನಮ್ಮ ಮನೆಯ ದನದ ಕೊಟ್ಟಿಗೆ ಬಳಿದವಳು, ಹಿತ್ತಲ ಬಾಗಿಲಿನಿಂದ ಈಚೆ ಒಂದು ದಿನ ಕಾಲಿಟ್ಟವಳಲ್ಲ, ಇಡಲು ಬಿಟ್ಟವರಲ್ಲ ನಾವು. ಅನ್ನ ಹಾಕುವುದಾದರೂ ಮೇಲಿಂದ, ಹಳೆ ಸೀರೆ ಕೊಡುವುದಾದರೂ ಮೇಲಿಂದ, ಅವಳು ಸೆರಗು ಒಡ್ಡಬೇಕು, ನಾವು ಕೈಬಿಡಬೇಕು, ಮಧ್ಯೆ ಒಂದು ಮೊಳ ಗಾಳಿ ಇರಬೇಕು. ನನಗೆ ಆರೋ ಏಳೋ ವರ್ಷ, ಹಿತ್ತಲ ಬೇಲಿಯ ಮುಳ್ಳು ಅಂಗೈಗೆ ನೆಟ್ಟಿತ್ತು, ಅಮ್ಮ ಅಡಿಗೆಮನೆಯಲ್ಲಿ, ನಾನು ಕಿರುಚುತ್ತಿದ್ದೆ, ಎಲ್ಲಮ್ಮ ಓಡಿ ಬಂದು ನನ್ನ ಕೈ ತನ್ನ ತೊಡೆ ಮೇಲಿಟ್ಟುಕೊಂಡು ಪಿನ್ನಿನಿಂದ ಬಿಡಿಸಿ ಬಾಯಿಂದ ಊದಿದಳು, ಸುಮ್ನಿರು ನನ್ನವ್ವ ಆಯ್ತು ಆಯ್ತು, ಆಮೇಲೆ ಜಗದಾಂಬಾ ಚಿಕ್ಕಮ್ಮ ನನ್ನನ್ನು ಬಚ್ಚಲಿಗೆ ಎಳಕೊಂಡು ಹೋಗಿ ತಲೆ ಮೇಲೆ ಕೊಡ ಸುರಿದಳು, ಆ ನೀರೂ ತಣ್ಣಗಿತ್ತು. ಅಪ್ಪನನ್ನು ಕೇಳಿದೆ, ನಮ್ಮಲ್ಲಿ ಮೈಲಿಗೆ ಇಲ್ಲ ಅಂತ ನೀವೇ ಹೇಳ್ತೀರಲ್ಲ ಅಪ್ಪ. ಅಪ್ಪ ನಕ್ಕು ತಲೆ ನೇವರಿಸಿದರು, ಅದು ಬೇರೆ ಇದು ಬೇರೆ ಮಗಳೇ, ದೊಡ್ಡವಳಾದ ಮೇಲೆ ಗೊತ್ತಾಗುತ್ತೆ. ಈಗ ಕಾಲೇಜಿಗೆ ಹೋಗುತ್ತಿದ್ದೇನೆ, ದೊಡ್ಡವಳಾಗಿದ್ದೇನೆ, ಗೊತ್ತಾಗಿದೆ. ಬಸವ ಜಯಂತಿಯಲ್ಲಿ ಅಪ್ಪ ಮೈಕಿನ ಮುಂದೆ ನಿಂತು ಹುಟ್ಟಿನಿಂದ ಯಾರೂ ಮೇಲಲ್ಲ ಕೀಳಲ್ಲ ಅಂತ ಭಾಷಣ ಬಿಗಿದು ಚಪ್ಪಾಳೆ ತಗೊಂಡು ಮನೆಗೆ ಬಂದು ಹಿತ್ತಲ ಬಾಗಿಲು ಹಾಕಿಕೊಳ್ಳುವುದು, ಹೇಳೋದು ಶಾಸ್ತ್ರ ಇಕ್ಕೋದು ಗಾಳ, ಅಷ್ಟೇ ಗೊತ್ತಾಗಿದ್ದು. ಸಾವಿನ ಸೂತಕ ಕೂಡ ನಮಗಿಲ್ಲವಂತೆ, ಹೆಣ ಮುಟ್ಟಿದ ಕೈಗೆ ಸೂತಕವಿಲ್ಲ, ಎಲ್ಲಮ್ಮನ ಕೈಗೆ ಮಾತ್ರ ಇದೆ.

ಅಜ್ಜಿಯನ್ನು ಬಿದಿರಿಗೆ ಹೂ ಕಟ್ಟಿದ ವಿಮಾನದಲ್ಲಿ ಕೂರಿಸಿ ರುದ್ರಭೂಮಿಗೆ ಹೊತ್ತು ಒಯ್ದಾಗ ನಾನೂ ಹೋಗಿದ್ದೆ, ಸಮಾಧಿಯ ಗುಣಿಯ ಅಂಚಿನಲ್ಲೇ ನಿಂತಿದ್ದೆ, ಒಳಗಿಳಿದವರು ಜಂಬಣ್ಣ ಚಿಕ್ಕಪ್ಪ. ಪದ್ಮಾಸನ ಹಾಕಿಸಿ ಕೂರಿಸಿದ ಅಜ್ಜಿಯ ಎಡಗೈಯಲ್ಲಿ ಅವಳ ಲಿಂಗ ಇಡಬೇಕು, ಅದಕ್ಕೆ ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ತೆಗೆದು ಮುಚ್ಚಳ ಬಿಚ್ಚಿದರು, ಲಿಂಗ ತೆಗೆದರು, ಅಷ್ಟರಲ್ಲಿ ಅಜ್ಜಿಯ ತಲೆ ಒಂದು ಕಡೆ ವಾಲಿತು, ತಲೆ ಹಿಡಿಯುವುದೋ ಲಿಂಗ ಹಿಡಿಯುವುದೋ, ಚಿಕ್ಕಪ್ಪ ಖಾಲಿ ಕರಡಿಗೆಯನ್ನು ಅಜ್ಜಿಯ ಮಡಿಲಿಗೆ ಹಾಕಿದರು, ನಾನು ಕಣ್ಣಾರೆ ಕಂಡೆ, ಬಿಸಿಲಿಗೆ ಥಳ್ ಅಂದಿತು, ಲಿಂಗವನ್ನು ಅಂಗೈಯಲ್ಲಿಟ್ಟರು, ಮೇಲಿಂದ ವಿಭೂತಿ ಗಟ್ಟಿ, ಪತ್ರೆ, ಮಣ್ಣು, ಎಲ್ಲರೂ ಸುರಿದರು, ನಾನೂ ಒಂದು ಹಿಡಿ ಸುರಿದೆ. ಕರಡಿಗೆಯನ್ನು ಚಿಕ್ಕಪ್ಪ ತೆಗೆದುಕೊಂಡೇ ಮೇಲೆ ಬಂದಿದ್ದಾರೆ ಅಂದುಕೊಂಡೆ, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಲಿಂಗ ಸತ್ತವರ ಜೊತೆ ಹೋಗುತ್ತದೆ, ಕರಡಿಗೆ ಮನೆಗೆ ಬರುತ್ತದೆ, ಅದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ಬರಲಿಲ್ಲ. ಹಿರೇ ಮೊಮ್ಮಗಳಿಗೆ ಅಂತ ಅಜ್ಜಿ ಹೇಳಿಟ್ಟಿದ್ದ ಕರಡಿಗೆ ಎಲ್ಲಿ ಅಂತ ಅಮ್ಮ ಕೇಳಿದಳು, ಪೆಟ್ಟಿಗೆ ಹುಡುಕಿದರು, ಅಟ್ಟ ಹುಡುಕಿದರು, ಜಗದಾಂಬಾ ಚಿಕ್ಕಮ್ಮನ ಬಾಯಿಂದ ಆ ಮಾತು ಬಿತ್ತು, ಸಾವಿನ ದಿನ ಬಾಗಿಲೆಲ್ಲ ತೆರೆದೇ ಇತ್ತಲ್ಲ, ಹಿತ್ತಲಿನವಳೂ ಇಲ್ಲೇ ಸುಳಿದಾಡ್ತಿದ್ದಳಲ್ಲ. ಥೂ. ಹದಿನೆಂಟು ವರ್ಷ ಹೊಸ್ತಿಲು ದಾಟಲು ಬಿಡದವರು ಅವಳು ನಡುಮನೆಗೆ ಬಂದು ಕದ್ದಳು ಅನ್ನುತ್ತಾರೆ, ದಾಟಿದ್ದರೆ ಅವತ್ತೇ ಮನೆಯೆಲ್ಲ ತೊಳೆದು ಹಾಕುತ್ತಿರಲಿಲ್ಲವೇ ಇವರು, ತೊಳೆದರೇ, ಇಲ್ಲವಲ್ಲ, ಅಷ್ಟೂ ತಲೆಗೆ ಹೋಗಲಿಲ್ಲವೇ ಇವರಿಗೆ.

ಇದೆಲ್ಲ ನಡೆಯುವಾಗ ನಾನು ಕಾಲೇಜಿನಲ್ಲಿದ್ದೆ. ಬರುವಾಗ ಬೀದಿ ತಿರುವಿನಲ್ಲೇ ಜನ ಚದುರುತ್ತಿದ್ದರು, ಹಿತ್ತಲಲ್ಲಿ ಕರ್ಪೂರದ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಕೂದಲು ಸೀದ ಹಾಗೆ, ಅಮ್ಮ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದಳು, ಬಾಯಿ ಬಿಟ್ಟು ಹೇಳಿದ್ದು ಅಮ್ಮನೇ. ಆಣೆ ಮಾಡ್ತೀನಿ ಅಂತ ಎಲ್ಲಮ್ಮ ತಾನೇ ಅಂದಳಂತೆ, ಕರ್ಪೂರ ಹಚ್ಚಿ ಕೊಡ್ರಮ್ಮ, ಮಾರಮ್ಮನ ಗುಡಿ ಕಡೆ ತಿರುಗಿ ಆರಿಸಿ ಆಣೆ ಮಾಡ್ತೀನಿ, ಆರಿಸುವುದು ಅಂದರೆ ಗೊತ್ತಲ್ಲ, ತಟ್ಟೆಯಲ್ಲಿ ಉರಿಯುವ ಕರ್ಪೂರದ ಮೇಲೆ ಅಂಗೈ ಬಡಿದು ಆರಿಸುವುದು, ಕ್ಷಣದ ಕೆಲಸ, ಸಂತೆಯಲ್ಲಿ ಜಗಳವಾದರೂ ಮಾಡುತ್ತಾರೆ, ಯಾರ ಕೈಯೂ ಸುಡುವುದಿಲ್ಲ. ಆದರೆ ತಟ್ಟೆ. ಯಾವ ತಟ್ಟೆ ಕೊಡುವುದು, ದೇವರ ಆರತಿ ತಟ್ಟೆ ಅವಳು ಮುಟ್ಟಿದರೆ ಆಮೇಲೆ ಏನು ಮಾಡುವುದು, ಊಟದ ತಟ್ಟೆಯಂತೂ ಆಗುವುದಿಲ್ಲ, ಒಗೆಯುವ ಕಲ್ಲಿನ ಮೇಲೆ ಹಚ್ಚಲೇ ಅಂದಳಂತೆ ಎಲ್ಲಮ್ಮ, ಅಯ್ಯೋ ಬೇಡ ನಮ್ಮ ಬಟ್ಟೆ ಒಗೆಯೋ ಕಲ್ಲು, ಅಷ್ಟೊತ್ತಿಗೆ ಚಿಕ್ಕಮ್ಮ ಅಂದಳಂತೆ, ಕೈ ಒಡ್ಡೇ. ಅವಳು ಒಡ್ಡಿದಳು. ಒಡ್ಡಿ ರೂಢಿಯಿತ್ತಲ್ಲ. ಚಿಕ್ಕಮ್ಮ ಯಾವಾಗಿನ ಹಾಗೇ ಒಂದು ಮೊಳ ಮೇಲಿಂದ ಕರ್ಪೂರ ಹಾಕಿದಳು, ಕೊಟ್ಟಿಗೆಯ ಗೋಡೆಗಿದ್ದ ಹಂಚಿಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಎಳೆದು ತುದಿಗೆ ಬೆಂಕಿ ಹಚ್ಚಿ ದೂರದಿಂದಲೇ ತಾಗಿಸಿದಳು, ಹತ್ತಿರ ಹೋಗಬಾರದಲ್ಲ. ಎಲ್ಲಮ್ಮ ಕೊಡವಲಿಲ್ಲ, ತಾನಾಗಿ ಆರುವವರೆಗೆ ಹಿಡಿದೇ ಇದ್ದಳು, ನಾನು ಮುಟ್ಟಿಲ್ಲ ತಾಯಿ ನಾನು ಮುಟ್ಟಿಲ್ಲ ತಾಯಿ ಅನ್ನುತ್ತ. ಆರಿದ ಮೇಲೆ ಅಂಗೈ ನೋಡಿ ಚಿಕ್ಕಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳಂತೆ, ನೋಡಿದ್ರಾ, ಸತ್ಯ ಇದ್ದಿದ್ರೆ ಸುಡ್ತಿತ್ತಾ. ಕೊಡವಿದ್ದರೆ ಕಳ್ಳಿ, ಕೊಡವದೆ ಸುಟ್ಟುಕೊಂಡರೂ ಕಳ್ಳಿ. ಪೊಲೀಸಿಗೆ ಕೊಡಲಿಲ್ಲ, ಅದೇ ಅವಳ ಪುಣ್ಯವಂತೆ.

ಕರಡಿಗೆ ಅಜ್ಜಿಯ ಮಡಿಲಲ್ಲಿದೆ ಅಂತ ನಾನು ಆ ಹಿತ್ತಲಲ್ಲೇ ನಿಂತು ಹೇಳಿದೆ. ನೀನೇನು ಗುಣಿಗೆ ಇಳಿದಿದ್ದೆಯೇನೇ ಅಂದಳು ಚಿಕ್ಕಮ್ಮ. ಅಪ್ಪ ತಮ್ಮನ ಕಡೆ ನೋಡಿದರು, ಚಿಕ್ಕಪ್ಪ ಹೆಗಲು ಮುಟ್ಟಿಕೊಂಡರು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆ ಅನ್ನುವುದು ಬರೀ ಗಾದೆಯಲ್ಲ, ನಾನೇ ಕಂಡೆ, ಇಲ್ಲ ಅಣ್ಣ, ತಂದು ನಡುಮನೆ ಗೂಡಲ್ಲಿ ಇಟ್ಟಿದ್ದೆ ಅಂದರು. ಅಲ್ಲಿಗೆ ಮುಗಿಯಿತು. ಹುಡುಗಿಯ ಕಣ್ಣಿಗಿಂತ ಗಂಡಸಿನ ಬಾಯಿ ದೊಡ್ಡದು. ಎಲ್ಲಮ್ಮ ಮಾರನೇ ದಿನವೇ ಕೇರಿ ಬಿಟ್ಟು ಭದ್ರಾವತಿಗೆ ಮಗ ದುರ್ಗಪ್ಪನ ಹತ್ತಿರ ಹೋದಳು ಅಂತ ಸುದ್ದಿ ಬಂತು, ನಿನ್ನೆ ನಾನು ಕಾಲೇಜಿಗೆ ಅಂತ ಹೊರಟು ರೈಲು ಹತ್ತಿದೆ. ಕಾರ್ಖಾನೆಯ ಹೊಗೆ ಊರಿಗಿಂತ ಮೊದಲು ಕಾಣುತ್ತದೆ, ದುರ್ಗಪ್ಪನ ತಗಡಿನ ಮನೆ ಹುಡುಕಿ ಹೋದಾಗ ಎಲ್ಲಮ್ಮ ಗೋಡೆಗೊರಗಿ ಕೂತಿದ್ದಳು, ಬಲಗೈ ಮಡಿಲಲ್ಲಿ ಮಲಗಿದ ಕೂಸಿನ ಹಾಗೆ, ಪಕ್ಕದ ಮನೆಯ ತಮಿಳು ಹೆಂಗಸು ತನ್ನ ತಟ್ಟೆಯಲ್ಲಿ ಅನ್ನ ಕಲಸಿ ಅವಳ ಬಾಯಿಗೆ ತುತ್ತಿಡುತ್ತಿದ್ದಳು, ಸಾಪಿಡಮ್ಮ ಸಾಪಿಡು. ತನ್ನ ತಟ್ಟೆಯಲ್ಲಿ. ನನಗೆ ಎಷ್ಟು ನಾಚಿಕೆಯಾಯಿತು ಅಂದರೆ ಬಾಗಿಲಲ್ಲೇ ನಿಂತೆ. ಎಲ್ಲಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಒಳಗೆ ಬರಬೇಡ ಜಾಗ ಸರಿಯಿಲ್ಲ ಅಂದಳು, ನಾನು ಒಳಗೆ ಹೋಗಿ ಅವಳ ಪಕ್ಕದಲ್ಲೇ ಕೂತೆ. ಕೈ ಮಾತು ಬಿಡು ರಾಜಮ್ಮ, ಅದು ಮಾಯುತ್ತೆ, ಅಂದಳು. ಕೇರಿಗೆ ತಿರುಗಿ ಹೋಗೋದು ಹೆಂಗೆ ಹೇಳು, ಮಕ್ಕಳು ಮರಿಯೆಲ್ಲ ಕಳ್ಳಿ ಬಂದ್ಲು ಅಂತವೆ. ಅವತ್ತು ನಿಂತು ನೋಡಿದ್ರಲ್ಲ, ಅವರ ಮುಂದೆ ಎಲ್ಲಮ್ಮ ಕದ್ದಿಲ್ಲ ಅಂತ ಒಂದು ಮಾತು ಅನ್ನಿಸು, ಸಾಕು, ನಾನು ಬರೋದೂ ಬೇಡ. ಇಷ್ಟೇ ಕೇಳಿದ್ದು ಅವಳು.

ಸಂಜೆ ಅಂಗಡಿಗೇ ಹೋದೆ, ಚಿಕ್ಕಪ್ಪ ಒಬ್ಬರೇ ಬಟ್ಟೆಯ ಥಾನು ಸುತ್ತುತ್ತಿದ್ದರು, ಅವಳ ಕೈ ನೋಡಿ ಬಂದೆ ಅಂದೆ, ಅಷ್ಟೇ ಅಂದಿದ್ದು, ಥಾನು ಕೈಯಿಂದ ಜಾರಿ ನೆಲದ ಮೇಲೆ ಬಿಚ್ಚಿಕೊಂಡು ಹೋಯಿತು. ನೆನಪಿತ್ತು ಮಗಳೇ, ಮಣ್ಣು ಮಾಡಿ ಬಂದು ಕಾಲು ತೊಳೀವಾಗಲೇ ನೆನಪಾಯ್ತು, ಸಮಾಧಿ ತೆಗೆಸೋಕಾಗುತ್ತಾ, ಅಣ್ಣ ನಾಲ್ಕು ಜನರ ಮುಂದೆ ಬೈತಾನೆ ಅಂತ ಸುಮ್ಮನಾದೆ. ಅಂದರೆ ಗೊತ್ತಿತ್ತು, ಕರ್ಪೂರ ಹಚ್ಚುವಾಗ ಹಿತ್ತಲಲ್ಲೇ ನಿಂತಿದ್ದರು, ಗೊತ್ತಿದ್ದೇ ನಿಂತಿದ್ದರು. ಅವಳ ಕೈ ಸುಟ್ಟಿತು ಚಿಕ್ಕಪ್ಪ. ಅಷ್ಟೊಂದು ಸುಡುತ್ತೆ ಅಂತ ನನಗೇನು ಗೊತ್ತು. ಬೆಂಕಿ ಸುಡುತ್ತದೆ ಅಂತ ಗೊತ್ತಿರಲಿಲ್ಲವಂತೆ ಇವರಿಗೆ, ಐವತ್ತು ವರ್ಷದ ಗಂಡಸಿಗೆ, ಅಣ್ಣನ ಒಂದು ಬೈಗುಳ ಸುಡುತ್ತದೆ ಅಂತ ಮಾತ್ರ ಗೊತ್ತಿತ್ತು. ಅಪ್ಪನಿಗೆ ಹೇಳಿದೆ, ಅಪ್ಪ ಓಂಕಾರಪ್ಪನವರು, ಭಾಷಣದ ಓಂಕಾರಪ್ಪನವರು, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು, ನನಗೆ ಆಸೆ ಬಂತು, ಆಮೇಲೆ ಅಂದರು, ಪಾಪ, ಅವಳಿಗೊಂದು ಒಳ್ಳೆ ಸೀರೆ ಕಳಿಸೋಣ, ನಾಳೆ ಜನ ಸೇರ್ತಾರೆ, ಬಾಯಿ ಬಿಡಬೇಡ. ನನ್ನ ಅಪ್ಪ. ಮುಳ್ಳು ನೆಟ್ಟ ಕೈಯನ್ನು ಹಿಡಿದುಕೊಂಡು ರಾತ್ರಿಯೆಲ್ಲ ನನ್ನ ಪಕ್ಕದಲ್ಲಿ ಕೂತಿದ್ದ ಅಪ್ಪ. ಅವರ ಮೇಲೆ ಬಂದಷ್ಟು ಸಿಟ್ಟು ಚಿಕ್ಕಮ್ಮನ ಮೇಲೂ ಬಂದಿಲ್ಲ.

ಗಂಟೆ ಬಾರಿಸುತ್ತಿದ್ದಾರೆ, ಲಿಂಗಗಳೆಲ್ಲ ಕರಡಿಗೆಗೆ ಹೋದವು, ನನ್ನದೊಂದು ಇನ್ನೂ ಅಂಗೈಯಲ್ಲಿದೆ, ಪೂಜೆ ಮಾಡಿಸಿದ ಅಯ್ಯನವರು ಮಂಗಳಾರತಿ ತಟ್ಟೆ ಹಿಡಿದು ಗಂಡಸರ ಸಾಲಿನಿಂದ ಬರುತ್ತಿದ್ದಾರೆ, ಅಗಲವಾದ ಬೆಳ್ಳಿ ತಟ್ಟೆ, ನಡುವೆ ಕರ್ಪೂರ, ಒಬ್ಬೊಬ್ಬರೂ ಅಂಗೈ ಚಾಚಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಅಪ್ಪ ಒತ್ತಿಕೊಂಡರು, ಚಿಕ್ಕಪ್ಪ ಒತ್ತಿಕೊಂಡರು, ಹಿತ್ತಲಲ್ಲಿ ನಿಂತು ನೋಡಿದವರೆಲ್ಲ ಇಲ್ಲೇ ಇದ್ದಾರೆ, ಇಷ್ಟು ಜನ ಮತ್ತೆ ಒಟ್ಟಿಗೆ ಸಿಕ್ಕುವುದಿಲ್ಲ, ತಟ್ಟೆ ನನ್ನ ಮುಂದೆ ಬಂತು. ಅಯ್ಯನೋರೆ, ಅಜ್ಜಿ ಕರಡಿಗೆ ಎಲ್ಲಿದೆ ಅಂತ ಚಿಕ್ಕಪ್ಪ ಹೇಳ್ತಾರೆ, ಕೇಳಿ. ನನ್ನ ದನಿಯೇ ನನಗೆ ಅಷ್ಟು ದೊಡ್ಡದಾಗಿ ಕೇಳಿತು. ಗಂಟೆ ನಿಂತಿತು. ಏನಪ್ಪ ಜಂಬಣ್ಣ, ಅಂದರು ಅಯ್ಯನವರು, ಚಿಕ್ಕಪ್ಪನ ಕೈ ಮತ್ತೆ ಹೆಗಲಿಗೆ ಹೋಯಿತು, ಎಲ್ಲರೂ ನೋಡಿದರು, ಅಪ್ಪ ನೆಲ ನೋಡಿದರು, ಮಡಿಲಲ್ಲೇ ಉಳೀತು, ಮರೆತೆ, ಅಂದರು ಚಿಕ್ಕಪ್ಪ. ಹೇಳಿಬಿಟ್ಟರು. ಈಗ ಹೇಳುತ್ತಾರೆ, ಈಗ ಯಾರಾದರೂ ಆ ಮಾತು ಹೇಳುತ್ತಾರೆ — ಅಯ್ಯೋ ಜೊತೇಲೇ ತಗೊಂಡು ಹೋದ್ಲಾ ಮಹಾತಾಯಿ, ಅನ್ನುತ್ತಿದೆ ಒಂದು ದನಿ, ಪುಣ್ಯವಂತೆ, ಬೆಳ್ಳಿ ಮನೆ ಬಿಟ್ಟು ಹೋಗಲಿಲ್ಲ ಅಂದಂಗಾಯ್ತು, ಕಳ್ಳರ ಪಾಲಾಗಲಿಲ್ಲವಲ್ಲ ಸದ್ಯ, ಯಾರೋ ನಗುತ್ತಿದ್ದಾರೆ, ಸಮಾಧಾನದ ನಗೆ, ಚಿಕ್ಕಮ್ಮ ಅನ್ನುತ್ತಿದ್ದಾಳೆ, ಸಿಕ್ಕಿತಲ್ಲ ಬಿಡು, ಆರತಿ ತಗೋ ರಾಜಿ, ಊಟಕ್ಕೆ ಹೊತ್ತಾಯ್ತು. ಹೆಸರು. ಅವಳ ಹೆಸರು ಹೇಳಿ. ಎಲ್ಲಮ್ಮ ಕದ್ದಿಲ್ಲ ಅನ್ನಿ, ಅಂದೆ. ಒಬ್ಬರೂ ಅನ್ನುವುದಿಲ್ಲ. ಎಲ್ಲಮ್ಮ ಕದ್ದಿಲ್ಲ ಅನ್ನಿ ಅಪ್ಪ. ಅಪ್ಪ ತಲೆ ಎತ್ತುವುದಿಲ್ಲ. ಪಕ್ಕದಲ್ಲಿ ಅಮ್ಮನ ತುಟಿ ಅಲುಗಿದ ಹಾಗಾಯಿತು, ದನಿ ಬರಲಿಲ್ಲ. ಅಯ್ಯನವರು ಕಾಯುತ್ತಿದ್ದಾರೆ, ತಗೋ ತಾಯಿ ಆರುತ್ತೆ, ತಟ್ಟೆ ನನ್ನ ಮುಂದೆಯೇ ಇದೆ, ಅಷ್ಟಗಲದ ಬೆಳ್ಳಿ ತಟ್ಟೆ, ಹಿಡಿದವರ ಕೈಗೂ ಸುಡುವುದಿಲ್ಲ, ಚಾಚಿದವರ ಕೈಗೂ ಸುಡುವುದಿಲ್ಲ, ನಾನು ಚಾಚುವುದಿಲ್ಲ, ನೋಡುತ್ತೇನೆ, ತಟ್ಟೆ ಇಲ್ಲ, ಅಂಗೈ ಇದೆ, ಒಡ್ಡಿದ ಬಲ ಅಂಗೈ, ಅದರ ಮೇಲೆ ಕರ್ಪೂರ, ಅಂಗೈ, ಅದರ ಮೇಲೆ ಕರ್ಪೂರ, ಉರಿಯುತ್ತಲೇ ಇದೆ.