ಔಷಧಿ ಹೊಡೆಯಬಾರದಿದ್ದ ಮೂರು ಸಾಲು

ಸಿಹಿಗುಂಬಳದ ಬಳ್ಳಿ ತುಂಬ ಹೂ. ಆದರೆ ಕಾಯಿ ಕಚ್ಚುತ್ತಿರಲಿಲ್ಲ. ಹೆಬ್ಬೆರಳ ಗಾತ್ರದ ಹೀಚು ಹಳದಿಯಾಗಿ ಉದುರುತ್ತಿತ್ತು.

"ಹುಳದ ಕಾಟ. ಇನ್ನೊಂದು ಸಲ ಔಷಧಿ ಬಿದ್ರೆ ಸರಿಹೋಗುತ್ತೆ," ಎಂದರು ಮಾವ.

"ಹೊಡೆದಷ್ಟೂ ಜಾಸ್ತಿ ಉದುರ್ತಿದೆ, ಮಾವ," ಎಂದಳು ಸೊಸೆ. "ಔಷಧಿಗೆ ಜೇನುನೊಣಾನೇ ಬರ್ತಿಲ್ವೇನೋ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಯಾರು ತರ್ತಾರೆ?"

"ಹೂವಿಗೂ ಮದುವೆ ದಲ್ಲಾಳಿ ಬೇಕೇನಮ್ಮ?"

ಇದನ್ನೇ ಪರೀಕ್ಷಿಸಲು ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು ಆ ಊರಿನ ಆರು ಹೊಲಗಳನ್ನು ಆರಿಸಿಕೊಂಡಿದ್ದರು. ಊರವರಿಗೆ ಅವರು 'ಹುಳದ ಮೇಡಂ'. ಮಾವನ ಹೊಲದಲ್ಲಿ ಕಾಲುವೆಯಾಚೆಯ ಮೂರು ಸಾಲಿಗೆ ನೀಲಿ ದಾರ ಕಟ್ಟಿ, "ಇವಕ್ಕೆ ಏನೂ ಹೊಡೀಬೇಡಿ. ಮಿಕ್ಕಿದ್ದು ನಿಮ್ಮಿಷ್ಟ. ಎರಡನ್ನೂ ಹೋಲಿಸೋಣ," ಎಂದಿದ್ದರು.

ಐದನೇ ವಾರ ಬಂದು ಎಣಿಸಿದರು. ದಾರದ ಸಾಲಿನಲ್ಲೂ ಹೀಚು ಉದುರಿತ್ತು.

"ಔಷಧಿ ಬಿಟ್ಟರೂ ಇಲ್ಲಿ ವ್ಯತ್ಯಾಸ ಇಲ್ಲ. ಹಾಗೇ ಬರ್ಕೋತೀನಿ. ಮುಂದಿನ ಬೆಳೆಗೆ ಎಲ್ಲರಿಗೂ ಸಲಹೆ ಕೊಡೋದು ಈ ಆರು ಹೊಲ ನೋಡಿಯೇ," ಎಂದರು.

ಸೊಸೆ ಒಂದು ಎಲೆ ಎತ್ತಿ ನೋಡಿದಳು. ಒಣಗಿದ ಔಷಧಿಯ ಬಿಳಿ ಚುಕ್ಕೆಗಳು.

"ಮಾವ, ಇಲ್ಲಿಗೂ ಹೊಡೆದ್ರಾ?"

ಮಾವ ಟವೆಲಿನಿಂದ ಕತ್ತು ಒರೆಸಿಕೊಂಡರು. "ಏನ್ಮಾಡ್ಲಿ? ದಾರೀಲಿ ಹೋಗೋರೆಲ್ಲ, 'ಏನಯ್ಯಾ, ಈ ಮೂರು ಸಾಲು ಮಲತಾಯಿ ಮಕ್ಕಳಾ?' ಅಂತ ನಗ್ತಿದ್ರು. ಮರ್ಯಾದೆ ಹೋದ ಹಾಗಾಯ್ತು. ಮಿಕ್ಕಿದ್ದ ಔಷಧೀನ ಇಲ್ಲಿಗೂ ಹೊಡೆದ್ಬಿಟ್ಟೆ. ಎರಡೇ ಸಲ."

ಮೇಡಂ ಬೈಯಲಿಲ್ಲ. ಬರೆದದ್ದನ್ನು ಹೊಡೆದುಹಾಕಿದರು. "ಈಗಲಾದ್ರೂ ಹೇಳಿದ್ರಲ್ಲ. ಇಲ್ದಿದ್ರೆ ನಾನು ಊರಿಗೆಲ್ಲ ತಪ್ಪು ಹೇಳ್ತಿದ್ದೆ. ಬಳ್ಳಿ ಇನ್ನೂ ಮೂರು ವಾರ ಹೂ ಬಿಡುತ್ತೆ. ಮತ್ತೆ ಶುರುಮಾಡೋಣ್ವಾ?"

"ಮಾಡೋಣ," ಎಂದಳು ಸೊಸೆ. "ದಿನಾ ಬೆಳಿಗ್ಗೆ ನಾನೇ ಬಂದು ನೊಣ ಎಣಿಸ್ತೀನಿ."

ಮಾವ ಔಷಧಿ ಪಂಪಿನ ನಾಜಲ್ ಬಿಚ್ಚಿ ಅವಳ ಕೈಗಿಟ್ಟರು. "ಇದನ್ನ ನೀನೇ ಇಟ್ಕೋ. ಈಚೆ ಸಾಲಿಗೆ ಹೊಡೆಯೋವಾಗ ಮಾತ್ರ ಕೊಡು. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಮೊದಲ ವಾರ ಒಂದು ನೊಣವೂ ಬರಲಿಲ್ಲ. ದಾರಿಹೋಕರು ಮತ್ತೆ ನಕ್ಕರು. "ಹೌದು, ಬೇಕಂತಲೇ ಬಿಟ್ಟಿದ್ದೀನಿ," ಎಂದರು ಮಾವ. ಒಂಬತ್ತನೇ ದಿನ ಎರಡು ನೊಣ ಬಂದವು. ಆಮೇಲೆ ಸೊಸೆಗೆ ಎಣಿಸಲು ಕಷ್ಟವಾಗತೊಡಗಿತು.

ಮೂರನೇ ವಾರದ ಕೊನೆಗೆ ದಾರದ ಸಾಲಿನಲ್ಲಿ ಹತ್ತು ಹೆಣ್ಣು ಹೂವಿಗೆ ಆರು ಕಾಯಿ ನಿಂತಿತ್ತು. ಔಷಧಿ ಹೊಡೆದ ಈಚೆ ಸಾಲಿನಲ್ಲಿ ಎರಡೇ. ಮಾವ ಮಂಡಿಯೂರಿ ತಾವೇ ಎಣಿಸಿದರು. ನಂಬದೆ ಇನ್ನೊಮ್ಮೆ ಎಣಿಸಿದರು.

"ಹಾಗಾದ್ರೆ ಔಷಧಿ ಬೇಡವೇ ಬೇಡ್ವಾ, ಮೇಡಂ?"

"ಹಾಗಲ್ಲ. ಹುಳ ನಿಜವಾಗಿ ಹೆಚ್ಚಾಗಿದ್ರೆ ಮಾತ್ರ ಹೊಡೀರಿ. ಅದೂ ಸಂಜೆ, ಹೂ ಮುಚ್ಚಿ, ನೊಣ ಗೂಡಿಗೆ ಹೋದ ಮೇಲೆ. ಯಾವ ಔಷಧಿ ಅನ್ನೋದನ್ನೂ ಕೇಳಿ ತಗೊಳ್ಳಿ."

ಓದುತ್ತಿರುವವರೇ, ಎಲ್ಲ ಬೆಳೆಗೂ ಇದೇ ಲೆಕ್ಕ ಬರುತ್ತದೆ ಎಂದು ಹೇಳಲಾಗದು. ಅದಕ್ಕಾಗಿಯೇ ಹೊಲದಲ್ಲಿ ಪರೀಕ್ಷೆ ಬೇಕು. ನಿಮ್ಮ ಹೊಲಕ್ಕೆ ಸಂಶೋಧಕರು ಬಂದರೆ ಒಂದೆರಡು ಸಾಲು ಬಿಟ್ಟುಕೊಡಿ. ಹೊಡೆದಿದ್ದರೆ ಹೊಡೆದೆ ಎನ್ನಿ, ಮರೆತಿದ್ದರೆ ಮರೆತೆ ಎನ್ನಿ. ತಪ್ಪು ಒಪ್ಪಿಕೊಂಡರೆ ಹೋಗುವುದು ಮೂರು ವಾರ. ಮುಚ್ಚಿಟ್ಟರೆ, ನೀವು ಮುಖವನ್ನೂ ನೋಡದ ಎಷ್ಟೋ ಜನರ ಬೆಳೆ.